ಮೂವತ್ತಾರೋ ನಲವತ್ತೋ

ನನ್ನ ವಿದ್ಯಾರ್ಥಿಗಳ ಉತ್ತರಗಳೆಲ್ಲ ಸರಿಯಾಗಿದ್ದವು. ನನ್ನ ತಕರಾರು ಇದ್ದದ್ದೇ ಅದರ ಮೇಲೆ.

ಗಂಡನಿಗೆ ರೈಲ್ವೆಯಲ್ಲಿ ಹುಬ್ಬಳ್ಳಿಯಿಂದ ಬನಾರಸ್ಸಿಗೆ ವರ್ಗವಾದಾಗ ನಾನೂ ಜೊತೆಗೇ ಬಂದೆ. ಗಂಗೆಯ ಅಸ್ಸಿ ಘಾಟಿನ ಹತ್ತಿರ ಒಂದು ಮಹಡಿ ಮನೆ ಹಿಡಿದೆವು. ನಾಲ್ಕು ತಿಂಗಳು ಬಾಲ್ಕನಿಯಲ್ಲಿ ನಿಂತು ಕೆಳಗಿನ ಚಹಾ ಅಂಗಡಿಯ ರಾಜಕೀಯ ಕೇಳಿಸಿಕೊಂಡಿದ್ದಾಯಿತು. ಆಮೇಲೆ ಊರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಹೊಸಬರಿಗೆ ಯಾವಾಗಲೂ ಸಿಗುವುದೇ ನನಗೂ ಸಿಕ್ಕಿತು: ಮೊದಲ ವರ್ಷದ ಪ್ರಯೋಗಾಲಯ.

ಮೊದಲ ಪ್ರಯೋಗ ಬಹಳ ಸರಳ. ಒಂದು ಸ್ಪ್ರಿಂಗಿಗೆ ತೂಕದ ಬಟ್ಟು ತೂಗುಹಾಕಿ, ಸ್ವಲ್ಪ ಕೆಳಗೆಳೆದು ಬಿಡಬೇಕು. ಅದು ಮೇಲೆ ಕೆಳಗೆ ಕುಣಿಯುತ್ತದೆ. ಒಂದು ಸಲ ಹೋಗಿ ತಿರುಗಿ ಬರಲು ಎಷ್ಟು ಹೊತ್ತು ಬೇಕು ಎಂಬುದೇ ಅದರ ಆವರ್ತಕಾಲ. ಒಂದೇ ಕುಣಿತ ಕಣ್ಣಿಗೆ ಸಿಗದಷ್ಟು ಚುರುಕಾದ್ದರಿಂದ ಇಪ್ಪತ್ತು ಕುಣಿತಗಳ ಹೊತ್ತನ್ನು ಅಳೆದು ಇಪ್ಪತ್ತರಿಂದ ಭಾಗಿಸುತ್ತೇವೆ. ಇದಕ್ಕೊಂದು ಸೂತ್ರವೂ ಇದೆ. ಸ್ಪ್ರಿಂಗಿನ ಬಿಗಿ ಎಷ್ಟು, ಬಟ್ಟಿನ ತೂಕ ಎಷ್ಟು ಎಂದು ಗೊತ್ತಿದ್ದರೆ ಏನನ್ನೂ ಕುಣಿಸದೆಯೇ ಉತ್ತರ ಬರುತ್ತದೆ. ನಮ್ಮ ಪ್ರಯೋಗಾಲಯದ ಲೆಕ್ಕದಲ್ಲಿ ಆ ಉತ್ತರ ಸೊನ್ನೆ ಬಿಂದು ಆರು ಮೂರು ಸೆಕೆಂಡು.

ಮೂವತ್ತೆರಡು ಮಂದಿಯ ನೋಟ್‌ಬುಕ್ ತೆರೆದರೆ ಮೂವತ್ತೆರಡರಲ್ಲೂ ಸೊನ್ನೆ ಬಿಂದು ಆರು ಮೂರು ಇತ್ತು.

ಆ ಕೋಣೆಯನ್ನು ನೋಡಿದ ಯಾರಿಗೂ ಇದನ್ನು ನಂಬಲು ಸಾಧ್ಯವಿರಲಿಲ್ಲ. ಸ್ಪ್ರಿಂಗುಗಳಲ್ಲಿ ಅರ್ಧ ತುಕ್ಕು ಹಿಡಿದಿದ್ದವು. ಒಂದು ಸ್ಟಾಪ್‌ವಾಚನ್ನು ನಿಲ್ಲಿಸಬೇಕಾದರೆ ಎರಡು ಸಲ ಒತ್ತಬೇಕಿತ್ತು. ಕಿಟಕಿಯ ಸರಳಿಗೆ ಹದಿನೈದು ನಿಮಿಷಕ್ಕೊಮ್ಮೆ ಕೋತಿಯೊಂದು ಬಂದು ಕೂರುತ್ತಿತ್ತು. ಆಗ ಎಣಿಸುತ್ತಿದ್ದವರೆಲ್ಲ ಎಣಿಕೆ ಬಿಟ್ಟು ತಮ್ಮ ಟಿಫಿನ್ ಡಬ್ಬಿಯನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಇಷ್ಟರ ನಡುವೆಯೂ ಮೂವತ್ತೆರಡು ಮಂದಿಗೆ ಎರಡನೆಯ ದಶಮಾಂಶದವರೆಗೆ ಒಂದೇ ಉತ್ತರ.

ಗುಟ್ಟು ಹೇಳಿದವನು ಪ್ರಯೋಗಾಲಯದ ಸಹಾಯಕ. ನಿವೃತ್ತಿಗೆ ವರ್ಷವೂ ಉಳಿದಿರದ, ಬಾಯಲ್ಲಿ ಸದಾ ಪಾನ್ ಇರುವ ಮನುಷ್ಯ. ಮಕ್ಕಳು ಮೊದಲು ಸೂತ್ರದಿಂದ ಉತ್ತರ ತೆಗೆಯುತ್ತಾರೆ, ಅದನ್ನು ಇಪ್ಪತ್ತರಿಂದ ಗುಣಿಸುತ್ತಾರೆ, ಹನ್ನೆರಡು ಬಿಂದು ಆರು ಬರುತ್ತದೆ, ಅದನ್ನೇ ಅಳತೆಯ ಕಾಲಂನಲ್ಲಿ ಬರೆಯುತ್ತಾರೆ ಎಂದು ವಿವರಿಸಿದ. ಮೂರು ಸಲದ ಅಳತೆಯ ಮೂರು ಸಾಲಿನಲ್ಲೂ ಒಂದೇ ಅಂಕಿ ಇದ್ದರೆ ಅನುಮಾನ ಬರುತ್ತದಲ್ಲ, ಅದಕ್ಕೇ ಮೂರನೆಯ ಸಾಲನ್ನು ಒಂಚೂರು ಕೆಡಿಸಿ ಬರೆಯಿರಿ ಎಂದು ತಾನೇ ವರ್ಷ ವರ್ಷವೂ ಸಲಹೆ ಕೊಡುತ್ತೇನೆ ಎಂದೂ ಹೇಳಿದ. ಅವನ ದನಿಯಲ್ಲಿ ಒಳ್ಳೆಯ ಅಡುಗೆಯವನು ಒಗ್ಗರಣೆಯ ಗುಟ್ಟು ಹೇಳುವಾಗಿನ ಹೆಮ್ಮೆಯಿತ್ತು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ತುಂಟತನ. ಇವರನ್ನು ಹಿಡಿಯಬೇಕು ಅನ್ನಿಸಿತು.

ನನ್ನ ಯೋಜನೆ ಇಷ್ಟೇ. ಇನ್ನೂರು ಗ್ರಾಮ್ ಎಂದು ಮುದ್ರೆಯಿರುವ ಬಟ್ಟುಗಳ ಜಾಗದಲ್ಲಿ ಅದೇ ಮುದ್ರೆಯ, ಆದರೆ ಇನ್ನೂರರವತ್ತು ಗ್ರಾಮ್ ತೂಗುವ ಬಟ್ಟುಗಳನ್ನು ಇಟ್ಟುಬಿಡುವುದು. ನಿಜವಾಗಿ ಅಳೆದವರಿಗೆ ಇಪ್ಪತ್ತು ಕುಣಿತಕ್ಕೆ ಹದಿನಾಲ್ಕು ಸೆಕೆಂಡಿಗೂ ತುಸು ಹೆಚ್ಚು ಬರುತ್ತದೆ. ಮುದ್ರೆ ನೋಡಿ ಬರೆದವರಿಗೆ ಹನ್ನೆರಡೂವರೆಯೇ ಬರುತ್ತದೆ. ಕಳ್ಳ ತಾನಾಗಿಯೇ ಸಹಿ ಹಾಕಿಕೊಡುತ್ತಾನೆ.

ಇಂಥ ಬಟ್ಟುಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಹಿತ್ತಾಳೆ ಕೆಲಸದವರ ಗಲ್ಲಿಗೆ ಹೋದೆ. ಅಲ್ಲಿ ಒಬ್ಬ ಮುದುಕ ಗಂಟೆಗಳಿಗೆ ಹೊಳಪು ಕೊಡುತ್ತ ಕೂತಿದ್ದ. ನನ್ನ ಹಿಂದಿ ಆಗಿನ್ನೂ ಹುಬ್ಬಳ್ಳಿಯ ರೈಲ್ವೆ ಸ್ಟೇಷನ್ನಿನ ಹಿಂದಿ. ಮುದ್ರೆ ಇನ್ನೂರು ಇರಬೇಕು, ಒಳಗೆ ಸೀಸ ತುಂಬಿ ಇನ್ನೂರರವತ್ತು ಮಾಡಬೇಕು, ಹೊರಗಿಂದ ಗೊತ್ತಾಗಬಾರದು ಎಂದು ಮೂರು ಸಲ ಹೇಳಿದೆ. ಅವನು ಕೈಯಲ್ಲಿದ್ದ ಗಂಟೆಯನ್ನು ಕೆಳಗಿಟ್ಟು ನನ್ನನ್ನು ಒಮ್ಮೆ ನೋಡಿದ. ಕಡಿಮೆ ತೂಗುವ ಬಟ್ಟು ಕೇಳಿಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ, ಅವರನ್ನೆಲ್ಲ ಹಾಗೇ ಓಡಿಸಿದ್ದೇನೆ, ಹೆಚ್ಚು ತೂಗುವುದನ್ನು ಕೇಳಿದವರು ನೀವೇ ಮೊದಲು ಎಂದ. ಆಮೇಲೆ ಏನೋ ಹೊಳೆದವನಂತೆ ತಲೆಯಾಡಿಸಿ ಮೆಲ್ಲಗೆ ಕೇಳಿದ, "ರದ್ದಿ ಅಂಗಡಿ ಇಟ್ಟಿದ್ದೀರಾ?"

ಕೊಳ್ಳುವವರಿಗೆ ಭಾರದ ಬಟ್ಟು ಬೇಕು, ಮಾರುವವರಿಗೆ ಹಗುರದ್ದು ಬೇಕು ಎಂಬ ವ್ಯಾಪಾರದ ತತ್ವ ನನಗೆ ಅರ್ಥವಾದದ್ದು ಗಲ್ಲಿಯಿಂದ ಹೊರಗೆ ಬಂದ ಮೇಲೆ. ಅಲ್ಲ, ನಾನು ಕಾಲೇಜಿನ ಮೇಷ್ಟ್ರು, ಹುಡುಗರು ಸುಳ್ಳು ಬರೆಯುವುದನ್ನು ಹಿಡಿಯಲು ಇದು ಬೇಕು ಎಂದು ಅವನಿಗೆ ವಿವರಿಸಿದ್ದೆ. ಸುಳ್ಳನ್ನು ಹಿಡಿಯಲು ಸುಳ್ಳು ಬಟ್ಟು ಮಾಡಿಸುವ ಮೇಷ್ಟ್ರನ್ನೂ ತಾನು ನೋಡಿರಲಿಲ್ಲ ಎಂದ. ಆದರೂ ಮಾಡಿಕೊಟ್ಟ. ಎಂಟು ಬಟ್ಟು, ಒಂದಕ್ಕಿಂತ ಒಂದು ಚೆಂದ.

ಆ ತರಗತಿಯಲ್ಲಿ ಒಬ್ಬ ಕನ್ನಡದ ಹುಡುಗಿಯಿದ್ದಳು. ಅವಳ ಅಪ್ಪ ನನ್ನ ಗಂಡನ ಕಚೇರಿಯಲ್ಲೇ ಇದ್ದವರು, ಮೂಲ ಧಾರವಾಡದ ಕಡೆಯವರು. ಹುಡುಗಿ ಹುಟ್ಟಿದ್ದು, ಬೆಳೆದದ್ದು ಬನಾರಸ್ಸಿನಲ್ಲೇ. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ಹಿಂದಿ. ಅವಳ ಕನ್ನಡದಲ್ಲಿ ಧಾರವಾಡದ ರಾಗಕ್ಕೆ ಹಿಂದಿಯ ಮಾತುಗಳು ಸಿಕ್ಕಿಕೊಂಡಿರುತ್ತಿದ್ದವು. "ಮ್ಯಾಮ್, ನಾ ಗಿನತಿ ಮಾಡಕತ್ತಿದ್ದೆ, ಬಂದರ್ ಬಂದು ಎಲ್ಲಾ ಗಡಬಡ್ ಆತು" ಎನ್ನುತ್ತಿದ್ದಳು. ಬೇರೆ ಯಾರಿಗೂ ತಿಳಿಯದ ಭಾಷೆ ನಮ್ಮಿಬ್ಬರಿಗೆ ಇದ್ದದ್ದರಿಂದ ಅವಳಿಗೆ ನನ್ನ ಮೇಲೆ ಸಲಿಗೆ. ಅವಳ ಜೊತೆಗಾತಿ ಗಂಗೆಯ ಆಚೆಯ ರಾಮನಗರದವಳು. ದಿನವೂ ಸೇತುವೆ ದಾಟಿ ಆಟೋದಲ್ಲಿ ಬರುತ್ತಿದ್ದಳು. ಮಾತು ಕಡಿಮೆ, ಅಕ್ಷರ ಸಣ್ಣ, ಪೆನ್ಸಿಲ್ ಯಾವಾಗಲೂ ಚೂಪು.

ಹೊಸ ಬಟ್ಟುಗಳನ್ನಿಟ್ಟು ಅದೇ ಪ್ರಯೋಗವನ್ನು ಇನ್ನೊಮ್ಮೆ ಮಾಡಿಸಿದ ದಿನ ನಾನು ಮುಖದ ಮೇಲೆ ಏನೂ ತೋರಿಸದೆ ಓಡಾಡಿದೆ. ಎರಡು ಗಂಟೆಯ ಹೊತ್ತಿಗೆ ನೋಟ್‌ಬುಕ್ಕುಗಳು ಮೇಜಿಗೆ ಬಂದು ಬೀಳತೊಡಗಿದವು. ಹನ್ನೆರಡು ಬಿಂದು ಆರು. ಹನ್ನೆರಡು ಬಿಂದು ಐದು. ಹನ್ನೆರಡು ಬಿಂದು ಆರು, ಮೂರನೆಯ ಸಾಲು ಶಾಸ್ತ್ರೋಕ್ತವಾಗಿ ಕೆಟ್ಟದ್ದು. ನನಗೆ ಒಳಗೊಳಗೇ ಹಬ್ಬ. ಆ ಇಬ್ಬರು ಹುಡುಗಿಯರು ಮಾತ್ರ ಇನ್ನೂ ಮೂಲೆಯ ಮೇಜಿನಲ್ಲೇ ಇದ್ದರು. ಎಣಿಸುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಮತ್ತೆ ಎಣಿಸುತ್ತಾರೆ. ಕೊನೆಗೆ ಕನ್ನಡದವಳು ಬಂದು, ಸ್ಪ್ರಿಂಗ್ ಬದಲಿಸಿ ನೋಡಿದೆವು, ವಾಚ್ ಬದಲಿಸಿ ನೋಡಿದೆವು, ಪ್ರತಿ ಸಲವೂ ಹದಿನಾಲ್ಕರ ಮೇಲೇ ಬರುತ್ತದೆ, ನಮಗೆ ಎಣಿಸಲಿಕ್ಕೇ ಬರುವುದಿಲ್ಲ ಕಾಣುತ್ತದೆ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹಾಗೇ ಬರೆ ಎಂದು ಕನ್ನಡದಲ್ಲಿ ಹೇಳಿ ಕಳಿಸಿದೆ. ಬಂದದ್ದನ್ನೇ ಬರೆದರೆ ಸೊನ್ನೆ ಸಿಗುತ್ತದಲ್ಲ ಎಂದು ಗೊಣಗುತ್ತ ಹೋದಳು.

ಮರುದಿನ ನಾನು ಎಂಟು ಬಟ್ಟುಗಳನ್ನೂ ತಕ್ಕಡಿಯ ಪಕ್ಕ ಸಾಲಾಗಿ ಇಟ್ಟು, ಒಂದನ್ನು ಎಲ್ಲರೆದುರು ತೂಗಿ ತೋರಿಸಿದೆ. ಮೂವತ್ತು ಮಂದಿಯ ಮುಖದಲ್ಲಿ ರಕ್ತವಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸಹಾಯಕ ಪಾನ್ ಅಗಿಯುವುದನ್ನು ನಿಲ್ಲಿಸಿದ. ಅಲ್ಲಿಗೇ ಮುಗಿಸಿದ್ದರೆ ನಾನು ಜಾಣೆ. ಗೆದ್ದ ಖುಷಿಯಲ್ಲಿ ಭಾಷಣಕ್ಕೆ ಇಳಿದೆ. ಅಳತೆ ಎಂದರೆ ಪ್ರಕೃತಿಯ ಮಾತು, ಅದರ ಬಾಯಿಗೆ ನಮ್ಮ ಮಾತು ತುರುಕುವುದು ಪಾಪ ಎಂದೆ. ನಾನು ಜೀವನದಲ್ಲಿ ಒಂದೇ ಒಂದು ಅಂಕಿಯನ್ನೂ ತಿದ್ದಿದವಳಲ್ಲ ಎಂದೂ ಹೇಳಿಬಿಟ್ಟೆ.

ಇದು ಸುಳ್ಳು. ನಾನು ಬಿ.ಎಸ್ಸಿ ಓದುವಾಗ ನಮ್ಮ ಇಡೀ ತರಗತಿ ಒಬ್ಬ ಹಿರಿಯ ವಿದ್ಯಾರ್ಥಿನಿಯ ಹಳೆಯ ರೆಕಾರ್ಡ್ ಪುಸ್ತಕದಿಂದ ಬದುಕಿತ್ತು. ಆ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ದಾಟಿಸಿ ಅದರ ರಟ್ಟು ಎಣ್ಣೆ ಹಿಡಿದ ಹೋಳಿಗೆಯಂತಾಗಿತ್ತು. ಆದರೆ ಬನಾರಸ್ಸಿನಲ್ಲಿ ಅದನ್ನು ನೋಡಿದವರು ಯಾರಿದ್ದಾರೆ?

ಆ ಇಬ್ಬರಿಗೆ ಪೂರ್ಣ ಅಂಕ ಕೊಟ್ಟೆ. ಉಳಿದವರು ಪ್ರಯೋಗವನ್ನು ಮತ್ತೆ ಮಾಡಬೇಕಾಯಿತು. ಮೂರು ವಾರ ಎಲ್ಲರೂ ತಲೆ ತಗ್ಗಿಸಿಕೊಂಡು ಮರ್ಯಾದೆಯಿಂದ ಇದ್ದರು. ಅಷ್ಟೊಂದು ಮರ್ಯಾದೆ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಲೋಲಕದ ಪಾಠ ಬಂತು. ಉಪನ್ಯಾಸದ ಕೋಣೆಯಲ್ಲಿ ನನ್ನ ಮೇಜಿನ ಮೇಲ್ಗಡೆ, ಎತ್ತರದ ಸ್ಟ್ಯಾಂಡಿನ ಕೊಕ್ಕೆಯಿಂದ ದಾರ ಇಳಿಬಿಟ್ಟು ತುದಿಗೆ ಹಿತ್ತಾಳೆಯ ಗುಂಡು ಕಟ್ಟಿ ತೋರಿಸುವುದು ನನ್ನ ಪದ್ಧತಿ. ಗುಂಡು ಮೇಜಿನ ಹಲಗೆಗೆ ತಾಗದಂತೆ, ಬೆರಳಷ್ಟು ಅಂತರದಲ್ಲಿ ತೂಗುತ್ತದೆ. ಕೊಕ್ಕೆಯಿಂದ ಗುಂಡಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್. ಅಷ್ಟುದ್ದದ ಲೋಲಕ ಒಂದು ಸಲ ಹೋಗಿ ಬರಲು ಎರಡು ಸೆಕೆಂಡು ತೆಗೆದುಕೊಳ್ಳುತ್ತದೆ. ಇಪ್ಪತ್ತು ಸಲಕ್ಕೆ ನಲವತ್ತು. ಇದು ನನಗೆ ನನ್ನ ಮನೆಯ ಬಾಗಿಲ ನಂಬರಿನಷ್ಟು ಬಾಯಿಪಾಠ.

ಆ ದಿನ ಹಿತ್ತಾಳೆಯ ಗುಂಡು ಸಿಗಲಿಲ್ಲ. ಸಹಾಯಕ ಕಪಾಟನ್ನೆಲ್ಲ ಹುಡುಕಿದಂತೆ ಮಾಡಿ ಒಂದು ಕಬ್ಬಿಣದ ಗುಂಡು ತಂದುಕೊಟ್ಟ. ಗುಂಡು ಯಾವುದರದ್ದಾದರೂ ಆವರ್ತಕಾಲ ಬದಲಾಗುವುದಿಲ್ಲ, ಇದೂ ಒಂದು ಪಾಠವೇ ಎಂದು ನಾನು ಅದನ್ನೇ ಕಟ್ಟಿಸಿದೆ. ಅವನು ಕಟ್ಟಿಕೊಟ್ಟು, ಹೊರಗೆ ಹೋಗದೆ ಬಾಗಿಲ ಬಳಿಯೇ ನಿಂತ. ತರಗತಿ ಅಂದು ಭರ್ತಿ. ಎಂದೂ ಬರದ ಇಬ್ಬರು ಹುಡುಗರೂ ಹಿಂದಿನ ಬೆಂಚಿನಲ್ಲಿ ಭಕ್ತಿಯಿಂದ ಕೂತಿದ್ದರು.

ಗುಂಡನ್ನು ಪಕ್ಕಕ್ಕೆಳೆದು ಬಿಟ್ಟು ಸ್ಟಾಪ್‌ವಾಚ್ ಒತ್ತಿದೆ. ಎಣಿಸುತ್ತ ಎಣಿಸುತ್ತ ಮಾತೂ ಆಡುತ್ತಿದ್ದೆ. ಉಯ್ಯಾಲೆಯ ಮೇಲೆ ದಪ್ಪಗಿನ ಮಾವ ಕೂತರೂ ಸಣಕಲು ಸೊಸೆ ಕೂತರೂ ಅದು ತೂಗುವ ಹೊತ್ತು ಒಂದೇ ಎಂಬ ನನ್ನ ಹಳೆಯ ಜೋಕನ್ನು ಹಿಂದಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಎಲ್ಲರೂ ತೊಡೆಯ ಮೇಲಿನ ಮೊಬೈಲನ್ನು ನೋಡುತ್ತಿದ್ದರು. ಈಗಿನ ಮಕ್ಕಳು ಹೀಗೇ ಎಂದುಕೊಂಡೆ. ಇಪ್ಪತ್ತಕ್ಕೆ ವಾಚ್ ನಿಲ್ಲಿಸಿ ನೋಡಿದರೆ ಮೂವತ್ತಾರು ಬಿಂದು ಎರಡು.

ಆ ಒಂದು ಕ್ಷಣದಲ್ಲಿ ನನ್ನ ತಲೆಯೊಳಗೆ ಏನಾಯಿತು ಎಂಬುದನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಮೋಸ ಮಾಡುತ್ತಿದ್ದೇನೆ ಎಂದು ನನಗೆ ಸುತರಾಂ ಅನ್ನಿಸಲಿಲ್ಲ. ಜೋಕು ಹೇಳುವಾಗ ಎರಡು ಎಣಿಕೆ ಮುಂದಕ್ಕೆ ಹಾರಿರಬೇಕು, ಹದಿನೆಂಟನ್ನು ಇಪ್ಪತ್ತು ಎಂದುಕೊಂಡಿದ್ದೇನೆ ಎಂದು ಹೊಳೆಯಿತು. ಹದಿನೆಂಟು ಸಲಕ್ಕೆ ಮೂವತ್ತಾರು, ಇನ್ನೆರಡಕ್ಕೆ ನಾಲ್ಕು, ಅಲ್ಲಿಗೆ ನಲವತ್ತು. ಎಷ್ಟು ಅಚ್ಚುಕಟ್ಟಾಗಿ ಹೊಂದಿಕೊಂಡಿತೆಂದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ. ತಿರುಗಿ ಕರಿಹಲಗೆಯ ಮೇಲೆ ನಲವತ್ತು ಬಿಂದು ಎರಡು ಎಂದು ಬರೆದೆ. ಇಪ್ಪತ್ತರಿಂದ ಭಾಗಿಸಿದೆ. ಸೂತ್ರದ ಉತ್ತರವನ್ನು ಪಕ್ಕದಲ್ಲಿ ಬರೆದು, ಎರಡಕ್ಕೂ ಕೆಳಗೆ ಗೆರೆ ಎಳೆದು, ನೋಡಿ, ಪ್ರಕೃತಿ ಸುಳ್ಳು ಹೇಳುವುದಿಲ್ಲ ಎಂದು ಸೀಮೆಸುಣ್ಣ ಕೆಳಗಿಟ್ಟೆ.

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮು ಬೆಂಚಿನಿಂದ ಬೆಂಚಿಗೆ ಹರಡಿತು. ಆಗ ಕನ್ನಡದ ಹುಡುಗಿ ಎದ್ದು ನಿಂತಳು. ಅವಳ ಕೈಯಲ್ಲಿ ಒಂದು ಹಾಳೆಯಿತ್ತು, ಅದರ ತುಂಬ ಅಂಕಿಗಳಿದ್ದವು.

"ಮ್ಯಾಮ್, ಕನ್ನಡದಾಗ ಹೇಳ್ಲಾ?" ಎಂದಳು.

"ಹೇಳು."

"ನಾವು ಮೂವತ್ತೆರಡೂ ಮಂದಿ ಮೊಬೈಲ್‌ನ್ಯಾಗ ನೋಡೀವಿ. ಎಲ್ಲಾರ್ದೂ ಮೂವತ್ತಾರ ಬಂದೈತಿ. ನಿಮಗ ನಲವತ್ತು ಹ್ಯಾಂಗ ಬಂತು?"

ಅವಳು ನನಗೆ ಹಿತ್ತಿಲ ಬಾಗಿಲು ತೆರೆದುಕೊಟ್ಟಿದ್ದಳು. ಕನ್ನಡದಲ್ಲಿ ಏನು ಹೇಳಿದರೂ ಅದು ನಮ್ಮಿಬ್ಬರ ನಡುವೆಯೇ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ನಾನು ಆ ಬಾಗಿಲಿನಿಂದ ಓಡಿಹೋಗಲು ನೋಡಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಎಣಿಸುವುದರಲ್ಲಿ ಏನೋ ತಪ್ಪಾಗಿರಬೇಕು ಎಂದೆ, ದನಿ ತಗ್ಗಿಸಿ.

"ಯಾರ್ದು ಮ್ಯಾಮ್? ನಮ್ದಾ, ನಿಮ್ದಾ?"

ಮಾತು ಅರ್ಥವಾಗದಿದ್ದರೂ ತರಗತಿಯೆಲ್ಲ ನನ್ನ ಮುಖವನ್ನೇ ನೋಡುತ್ತಿತ್ತು. ಮುಖ ಎಲ್ಲ ಭಾಷೆಯಲ್ಲೂ ಓದಲು ಬರುತ್ತದೆ. ನನ್ನ ಕಿವಿ ಬಿಸಿಯಾದದ್ದು ನನಗೇ ತಿಳಿಯುತ್ತಿತ್ತು. ಸರಿ, ಎಲ್ಲರೂ ಸೇರಿ ಎಣಿಸೋಣ ಎಂದು ಹಿಂದಿಯಲ್ಲಿ ಹೇಳಿ ಗುಂಡನ್ನು ಮತ್ತೆ ಬಿಟ್ಟೆ. ಮೂವತ್ತೆರಡು ಕಂಠಗಳು ಏಕ್, ದೋ, ತೀನ್ ಎಂದು ಕೂಗಿದ ಸದ್ದಿಗೆ ಪಕ್ಕದ ಕೋಣೆಯ ರಸಾಯನಶಾಸ್ತ್ರದವರು ಬಂದು ಇಣುಕಿದರು. ಇಪ್ಪತ್ತಕ್ಕೆ ವಾಚ್ ಒತ್ತಿದೆ. ಮೂವತ್ತಾರು ಬಿಂದು ಒಂದು.

ಆಗ ಬಗ್ಗಿ ಮೇಜಿನ ಹಲಗೆಯ ಕೆಳಗೆ ಕೈಯಾಡಿಸಿದೆ. ಗುಂಡು ತೂಗುತ್ತಿದ್ದ ಜಾಗದ ಸರಿಯಾಗಿ ಕೆಳಗೆ, ಹಳೆಯ ಲೌಡ್‌ಸ್ಪೀಕರಿನ ಆಯಸ್ಕಾಂತವೊಂದು ಟೇಪಿನಲ್ಲಿ ಅಂಟಿಕೊಂಡಿತ್ತು. ಅದು ಕಬ್ಬಿಣದ ಗುಂಡನ್ನು ಕೆಳಕ್ಕೆ ಜಗ್ಗುತ್ತ, ಪ್ರತಿ ಸುತ್ತನ್ನೂ ಬೇಗ ಮುಗಿಸುತ್ತಿತ್ತು. ಅದನ್ನು ಕಿತ್ತು ಮೇಲೆತ್ತಿ ಹಿಡಿದಾಗ ಕೋಣೆ ಸ್ಫೋಟವಾಯಿತು. ಬೆಂಚು ಬಡಿದರು, ಸೀಟಿ ಹೊಡೆದರು. ಬಾಗಿಲಲ್ಲಿದ್ದ ಸಹಾಯಕ ಜುಬ್ಬಾದ ಜೇಬಿನಿಂದ ನನ್ನ ಹಿತ್ತಾಳೆಯ ಗುಂಡನ್ನು ತೆಗೆದು, ಪ್ರಸಾದ ಕೊಡುವವನಂತೆ ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟ.

ಅವರ ಯೋಜನೆ ಇಷ್ಟು ದೂರ ಹೋಗಬೇಕೆಂದು ಇರಲಿಲ್ಲವಂತೆ. ಮೂವತ್ತಾರು ಬಂದಾಗ ಮ್ಯಾಮ್ ಗೊಂದಲಕ್ಕೆ ಬೀಳುತ್ತಾರೆ, ದಾರ ಅಳೆಯುತ್ತಾರೆ, ವಾಚ್ ಬದಲಿಸುತ್ತಾರೆ, ಸ್ವಲ್ಪ ಹೊತ್ತು ಒದ್ದಾಡುತ್ತಾರೆ, ನಾವು ನಗೋಣ ಎಂದಷ್ಟೇ ಅಂದುಕೊಂಡಿದ್ದರು. ನಾನು ನಲವತ್ತು ಬರೆಯುತ್ತೇನೆ ಎಂದು ಅವರ ಕನಸಿನಲ್ಲೂ ಇರಲಿಲ್ಲ. ಇದನ್ನು ಕನ್ನಡದ ಹುಡುಗಿ ಆಮೇಲೆ ಹೇಳಿದಳು. ಹೇಳುವಾಗ ನಗು ತಡೆಯಲು ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು.

ನಾನೂ ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ. ನಲವತ್ತು ಬಿಂದು ಎರಡನ್ನು ಅಳಿಸಿ ಮೂವತ್ತಾರು ಬಿಂದು ಎರಡು ಬರೆದೆ. ಎರಡು ಎಣಿಕೆ ತಪ್ಪಿತೆಂದುಕೊಂಡು ನಾಲ್ಕು ಸೆಕೆಂಡು ಸೇರಿಸಿಬಿಟ್ಟಿದ್ದೆ ಎಂದು ಹಿಂದಿಯಲ್ಲಿ ಒಪ್ಪಿಕೊಂಡೆ. ಗದ್ದಲ ಇಳಿಯುವ ಹೊತ್ತಿಗೆ ರಾಮನಗರದ ಹುಡುಗಿ ಎದ್ದಳು. ಅವಳು ತರಗತಿಯಲ್ಲಿ ತಾನಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಿಂದಿಯಲ್ಲಿ, ಒಂದೊಂದೇ ಶಬ್ದ ಜೋಡಿಸಿ ಕೇಳಿದಳು.

"ಮ್ಯಾಮ್, ಆಯಸ್ಕಾಂತ ಇಲ್ಲದೆ ಇದ್ದಿದ್ದರೆ, ನಿಜವಾಗಿಯೂ ಎಣಿಕೆ ತಪ್ಪಿದ್ದರೆ, ನೀವು ಬರೆದ ನಲವತ್ತು ಸರಿಯಾಗಿರುತ್ತಿತ್ತು ಅಲ್ಲವಾ? ಆಗ ಅದು ತಿದ್ದಿದ ಹಾಗೆ ಆಗುತ್ತಿತ್ತಾ?"

ಆಗುತ್ತಿತ್ತು ಎಂದೆ. ಅವಳು ಕೂತುಕೊಂಡಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಮೂರು ವಾರದ ಹಿಂದೆ ಅವರಿಗೆ ಹೇಳಿದ ದೊಡ್ಡ ಮಾತನ್ನೂ ಅವತ್ತೇ ವಾಪಸು ತೆಗೆದುಕೊಂಡೆ. ಹೋಳಿಗೆಯಂಥ ರೆಕಾರ್ಡ್ ಪುಸ್ತಕದ ಕತೆ ಹೇಳಿದೆ. ಅದು ಅವರಿಗೆ ಉಯ್ಯಾಲೆಯ ಜೋಕಿಗಿಂತ ಬಹಳ ಹಿಡಿಸಿತು.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವರು ತಿನ್ನುತ್ತಿದ್ದ ಅವಲಕ್ಕಿ ಗಂಟಲಿಗೆ ಸಿಕ್ಕಿತು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ, "ನಮ್ಮ ಆಫೀಸಿನ್ಯಾಗ ನಿನ್ನಿಂದ ಒಂದು ಟ್ರೇನಿಂಗ್ ಕೊಡಿಸಬೇಕು. ಲೇಟಾದ ಗಾಡೀನ ಟೈಮಿಗೆ ಸರಿಯಾಗಿ ತರೋದು ಹ್ಯಾಂಗ ಅಂತ" ಎಂದರು. ವಾರವಿಡೀ ಹೀಗೇ ನಡೆಯಿತು. ಅನ್ನದ ಕುಕ್ಕರ್ ಎಷ್ಟು ಸೀಟಿ ಹಾಕಿತು ಎಂದು ಕೇಳಿದರೆ, ಎಷ್ಟು ಬೇಕೋ ಅಷ್ಟು ಬರೆದುಕೋ ಎನ್ನುತ್ತಿದ್ದರು.

ಕಾಲೇಜಿನಲ್ಲಿ ಮಾತ್ರ ಒಂದು ವಿಚಿತ್ರ ಬದಲಾವಣೆಯಾಯಿತು. ನೋಟ್‌ಬುಕ್ಕುಗಳು ಕೊಳೆಯಾಗತೊಡಗಿದವು. ಕಾಟು ಹೊಡೆದ ಸಾಲುಗಳು, ಎಲ್ಲಿಗೂ ಹೊಂದದ ಉತ್ತರಗಳು, ಅಂಚಿನಲ್ಲಿ ಟಿಪ್ಪಣಿಗಳು. ಒಬ್ಬ ಹುಡುಗ ಒಂದು ಅಳತೆಯ ಮುಂದೆ "ಈ ಹೊತ್ತಿನಲ್ಲಿ ಕೋತಿ ಬಂದಿತ್ತು" ಎಂದು ಬರೆದಿದ್ದ. ಅದನ್ನು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಹಾಯಕನಿಗೆ ಇದು ಅಷ್ಟು ಹಿಡಿಸಲಿಲ್ಲ. ಮೂವತ್ತು ವರ್ಷದಲ್ಲಿ ಇಷ್ಟು ಕೆಟ್ಟ ಬ್ಯಾಚನ್ನು ತಾನು ನೋಡಿಲ್ಲ ಎಂದ.

ವರ್ಷದ ಕೊನೆಯಲ್ಲಿ ಬೇರೆ ಊರಿನಿಂದ ಪರೀಕ್ಷಕರು ಬಂದರು. ಇಸ್ತ್ರಿ ಮಾಡಿದ ಅಂಗಿಯ, ಬಹಳ ಸೌಮ್ಯ ಸ್ವಭಾವದ ಮನುಷ್ಯ. ಮೊದಲ ಹತ್ತು ಉತ್ತರ ಪತ್ರಿಕೆ ನೋಡಿ ಕನ್ನಡಕ ಒರೆಸಿಕೊಂಡರು. ಗುರುತ್ವದ ಬೆಲೆ ಒಬ್ಬನಿಗೆ ಒಂಬತ್ತು ಬಿಂದು ಎರಡು, ಇನ್ನೊಬ್ಬಳಿಗೆ ಹತ್ತು ಬಿಂದು ನಾಲ್ಕು. ಪ್ರತಿ ವರ್ಷ ಈ ಕಾಲೇಜಿನಿಂದ ಒಂಬತ್ತು ಬಿಂದು ಎಂಟರ ಆಚೆ ಈಚೆ ಯಾರೂ ಹೋಗುತ್ತಿರಲಿಲ್ಲ, ಈ ಸಲ ಏನಾಗಿದೆ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಈ ಸಲ ಅಳೆದಿದ್ದಾರೆ ಸಾರ್ ಎಂದೆ. ಅವರಿಗೆ ಅದು ಉತ್ತರವೆನ್ನಿಸಲಿಲ್ಲ.

ಕನ್ನಡದ ಹುಡುಗಿಗೆ ಹತ್ತು ಬಿಂದು ಮೂರು ಬಂದಿತ್ತು. ಸರಿಯಾದ ಬೆಲೆ ನಿನಗೆ ಗೊತ್ತಿಲ್ಲವೇ ಎಂದು ಅವರು ಕೇಳಿದಾಗ ಅವಳು, ಗೊತ್ತಿದೆ, ನಾನು ದಾರವನ್ನು ಗುಂಡಿನ ನಡುವಿನ ಬದಲು ಕೆಳತುದಿಯವರೆಗೆ ಅಳೆದೆ, ಅರ್ಧ ತಪ್ಪು ಅಲ್ಲಿದೆ, ಉಳಿದರ್ಧ ಎಲ್ಲಿದೆ ಎಂದು ಇನ್ನೂ ಸಿಕ್ಕಿಲ್ಲ ಎಂದಳು. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಫಲಿತಾಂಶ ಬಂದಾಗ ಅವಳಿಗೆ ಐದು ಅಂಕ ಕಡಿಮೆಯಾಗಿತ್ತು. ಪಕ್ಕದ ಮೇಜಿನ ಹುಡುಗನೊಬ್ಬ ಹೆದರಿಕೊಂಡು ಹಳೆಯ ವಿದ್ಯೆಗೆ ಮರಳಿದ್ದ. ಅವನಿಗೆ ಪೂರ್ತಿ ಬಂದಿತ್ತು. ಅವಳು ನನ್ನ ಹತ್ತಿರ ಬಂದು, "ನಿಮ್ಮ ಮಾತು ಕೇಳಿ ನಾ ಕೆಟ್ಟೆ ಮ್ಯಾಮ್" ಎಂದಳು. ಸುಮ್ಮನೆ ಆಡಿದ ಮಾತಾಗಿರಲಿಲ್ಲ ಅದು. ನನ್ನ ತಮಾಷೆಗೆ ಅವಳ ಐದು ಅಂಕ ಹೋಯಿತೆಂದು ಕಸಿವಿಸಿಯಾಯಿತು. ಪ್ರಿನ್ಸಿಪಾಲರಿಗೆ ಒಂದು ದೊಡ್ಡ ಪತ್ರ ಬರೆದೆ. ಪರೀಕ್ಷಕರ ನಿರ್ಧಾರವೇ ಕೊನೆ ಎಂದು ಅವರು ಒಂದೇ ಸಾಲಿನಲ್ಲಿ ಉತ್ತರಿಸಿದರು. ಹತ್ತು ದಿನ ಆ ಹುಡುಗಿ ನನ್ನೊಡನೆ ಹಿಂದಿಯಲ್ಲೇ ಮಾತಾಡಿದಳು. ಅದಕ್ಕಿಂತ ಕಠಿಣವಾದ ಶಿಕ್ಷೆ ಅವಳಿಗೆ ಹೊಳೆದಿರಲಿಕ್ಕಿಲ್ಲ.

ಹನ್ನೊಂದನೆಯ ದಿನ ಫೋನು ಮಾಡಿ, ನಾಳೆ ಬೆಳಿಗ್ಗೆ ಅಸ್ಸಿಗೆ ಬರ್ರಿ, ದೋಣಿ ಮಾಡೀವಿ, ಎಲ್ಲರೂ ರಾಮನಗರಕ್ಕೆ ಹೋಗಾಕತ್ತೀವಿ ಎಂದು ಕನ್ನಡದಲ್ಲಿ ಕರೆದಳು. ಹತ್ತು ಹನ್ನೆರಡು ಮಂದಿ ಬಂದಿದ್ದರು. ಮಾತಾಡದ ಹುಡುಗಿಯ ಮನೆಯಲ್ಲಿ ಎಲ್ಲರಿಗೂ ಊಟವಂತೆ. ದೋಣಿಯವನು ಹುಟ್ಟು ಹಾಕುತ್ತ ನಡುನೀರಿಗೆ ಬಂದಾಗ ಮೋಟಾರು ದೋಣಿಯೊಂದು ನಮ್ಮನ್ನು ಹಾದುಹೋಯಿತು. ಅದರ ಅಲೆಗೆ ನಮ್ಮ ದೋಣಿ ಎಡಕ್ಕೂ ಬಲಕ್ಕೂ ತೂಗತೊಡಗಿತು. ಒಂದೆರಡು ಹುಡುಗಿಯರು ಅಂಚು ಹಿಡಿದುಕೊಂಡರು. ಉಳಿದವರು ಒಬ್ಬರನ್ನೊಬ್ಬರು ನೋಡಿ, ಯಾರೂ ಹೇಳದಿದ್ದರೂ ಮೊಬೈಲು ತೆಗೆದು ಎಣಿಸಲು ಶುರುಮಾಡಿದರು.

ಹತ್ತು ತೂಗಾಟಕ್ಕೆ ಒಬ್ಬನಿಗೆ ಹತ್ತೊಂಬತ್ತು ಸೆಕೆಂಡು ಬಂತು, ಇನ್ನೊಬ್ಬಳಿಗೆ ಇಪ್ಪತ್ತೆರಡು, ಮತ್ತೊಬ್ಬನಿಗೆ ಹದಿನೇಳು. ಎಲ್ಲಿಂದ ಎಲ್ಲಿಗೆ ಒಂದು ಎಂಬುದರ ಮೇಲೆ ಜಗಳ ಹತ್ತಿತು. ನೀನು ಅರ್ಧ ಸುತ್ತನ್ನು ಒಂದು ಎಂದೆ, ನೀನು ಭಯಕ್ಕೆ ಕಣ್ಣು ಮುಚ್ಚಿದ್ದೆ, ಎಂದು ಎಲ್ಲರೂ ಒಟ್ಟಿಗೆ ಕೂಗಾಡಿದರು. ಮತ್ತೆ ಅಳೆಯಲೆಂದು ಇಬ್ಬರು ಹುಡುಗರು ಎದ್ದು ನಿಂತು ದೋಣಿಯನ್ನು ಅಲ್ಲಾಡಿಸಿದಾಗ ದೋಣಿಯವನು ಹುಟ್ಟನ್ನು ನೀರಿನಿಂದ ಎತ್ತಿ, ಅಲ್ಲಾಡಿಸಿದವರನ್ನು ಇಲ್ಲೇ ಇಳಿಸಿ ಹೋಗುತ್ತೇನೆ ಎಂದ. ಅವರು ಕೂತರು. ಜಗಳ ನಿಲ್ಲಲಿಲ್ಲ.

ನಾನೂ ಎಣಿಸಿದ್ದೆ. ಇಪ್ಪತ್ತು ಸೆಕೆಂಡು, ಸರಿಯಾಗಿ ಇಪ್ಪತ್ತು ಎಂದು ಹೇಳಿದೆ. ರಾಮನಗರದ ಹುಡುಗಿ ಟಿಶ್ಯೂ ಕಾಗದದ ಮೇಲೆ ತನ್ನ ಸಣ್ಣ ಅಕ್ಷರದಲ್ಲಿ ಎಲ್ಲರ ಅಂಕಿಗಳನ್ನೂ ಬರೆದುಕೊಳ್ಳುತ್ತಿದ್ದಳು. ನನ್ನ ಅಂಕಿ ಕೇಳಿ ಪೆನ್ಸಿಲ್ ನಿಲ್ಲಿಸಿ ಕನ್ನಡದವಳ ಮುಖ ನೋಡಿದಳು.

"ನಿಮ್ದು ಬ್ಯಾಡ ಬಿಡ್ರಿ ಮ್ಯಾಮ್" ಎಂದಳು ಕನ್ನಡದವಳು.

ಕಾಗದದ ಮೇಲೆ ನನ್ನ ಅಂಕಿ ಬರಲೇ ಇಲ್ಲ. ಅವರು ರಾಮನಗರದ ಕೋಟೆಯ ದಂಡೆ ಮುಟ್ಟುವವರೆಗೂ ಹತ್ತೊಂಬತ್ತು, ಇಪ್ಪತ್ತೆರಡು, ಹದಿನೇಳು ಎಂದು ವಾದಿಸುತ್ತಲೇ ಇದ್ದರು. ನಾನು ಕಡಲೆಕಾಯಿ ಸುಲಿದು ತಿನ್ನುತ್ತ ಕೂತಿದ್ದೆ.